ಕಪ್ಪೆಚಿಪ್ಪಿನ ಕಿವಿರು

ಬಚ್ಚಲ ಒಲೆಗೆ ಉರಿ ಹಾಕಿದೆ. ಹಾಲು ಡೈರಿಗೆ ಕೊಟ್ಟು ಬಂದೆ. ಅತ್ತೆಗೆ ಕಾಫಿ ಕಾಯಿಸಿದೆ, ಮಧ್ಯಾಹ್ನಕ್ಕೆಂದು ಸೊಪ್ಪು ಸೋಸಿ ಬೇಯಿಸಿಟ್ಟೆ. ಇಷ್ಟೆಲ್ಲ ಆದ ಮೇಲೆ ಬಕೆಟ್ಟಿನ ಮೇಲೆ ಮುಚ್ಚಿದ್ದ ತಟ್ಟೆ ತೆಗೆದೆ.

ಎಂಬತ್ತರ ದಶಕದ ಮಾತು. ಬಂಗಾರಪೇಟೆಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ನಾನು ಅಟೆಂಡರ್, ಅದೂ ತಾತ್ಕಾಲಿಕ. ಆ ದಿನ ಪ್ರಾಕ್ಟಿಕಲ್ ಪರೀಕ್ಷೆ. ಜೀವ ಇರುವ ಕಪ್ಪೆಚಿಪ್ಪು ತರುವುದು ನನ್ನ ಪಾಲಿನ ಕೆಲಸ. ಅದರಲ್ಲಿ ಎಡವಟ್ಟಾದರೆ ನನ್ನನ್ನು ಮುಂದಕ್ಕೆ ಕೆಲಸದಲ್ಲಿ ಇಟ್ಟುಕೊಳ್ಳುವುದು ಕಷ್ಟ ಎಂದು ಕೆ.ಜಿ.ಎಫ್. ರೈಲಿನಲ್ಲಿ ಬರುತ್ತಿದ್ದ ಲೆಕ್ಚರರ್ ಮೇಡಂ ಮೊದಲೇ ಹೇಳಿದ್ದರು. ಹಿಂದಿನ ಸಂಜೆ ಬೂದಿಕೋಟೆ ಕಡೆಯ ಕೆರೆಯಲ್ಲಿ ಎಂಟು ಆರಿಸಿ, ಬಕೆಟ್ಟಿಗೆ ಕೆರೆ ನೀರನ್ನೇ ತುಂಬಿ ಅದರಲ್ಲಿಟ್ಟು ಬಸ್ಸಿನಲ್ಲಿ ತಂದಿದ್ದೆ.

ಎಂಟರಲ್ಲಿ ಎರಡು, ಬಾಯಿ ಬಿಟ್ಟು ಸತ್ತಿದ್ದವು. ತಳದಲ್ಲಿ ಕರಗದೆ ಉಳಿದ ಕಲ್ಲುಪ್ಪು.

“ಲೋಳೆ ಲೋಳೆ ಇತ್ತಲ್ಲ, ಒಂದಿಡಿ ಉಪ್ಪಾಕಿದೆ. ಮಣ್ಣೆಲ್ಲ ಉಗುಳ್ಲಿ ಅಂತ,” ಅಂದರು ಅತ್ತೆ. ಮೀನು ತಂದಾಗಲೂ ಅವರು ಮಾಡುವುದು ಹಾಗೆಯೇ.

“ಇವು ಸಾರಿಗಲ್ಲ ಅತ್ತೆ, ಪರೀಕ್ಷೆಗೆ.”

“ಇವೂ ಪರೀಕ್ಷೆ ಬರೀತಾವಾ?” ಅಂದವರು ನನ್ನ ಮುಖ ನೋಡಿ ದನಿ ಇಳಿಸಿದರು. “ಮೊದ್ಲೇ ಏಳ್ಬಾರ್ದಾ ಕಣಮ್ಮ.”

ಉಪ್ಪು ನೀರು ಚೆಲ್ಲಿ, ಬಾವಿ ನೀರು ತುಂಬಿ, ಬಕೆಟ್ಟು ಹೊತ್ತು ಹೊರಟೆ.

ಲ್ಯಾಬಿಗೆ ಹೋಗಿ, ಮನೆಯಲ್ಲಿ ನಡೆದದ್ದನ್ನು ಹೇಳಿದೆ. ಮೇಡಂ ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಸತ್ತದ್ದರ ಕಿವಿರಿನ ಚೂರೊಂದನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿ, “ರೋಮ ಅಲ್ಲಾಡ್ತಿಲ್ಲ” ಅಂದರು. ಆಮೇಲೆ, ಮುಚ್ಚಿಕೊಂಡಿದ್ದ ಆರರಲ್ಲಿ ಒಂದರ ಸಂದಿಗೆ ಚಾಕು ತೂರಿಸಿದರು. ಅದು ಬಿಡಲೊಲ್ಲದು. ಕೊನೆಗೂ ತೆರೆದಾಗ ಕಿವಿರು ಒದ್ದೆ ಪಂಚೆಯ ಹಾಗೆ ಒಳಗೆ ಅಂಟಿಕೊಂಡಿತ್ತು. ಒಂದು ಚೂರು ಕತ್ತರಿಸಿ, ಒಂದು ಹನಿ ನೀರು ಬಿಟ್ಟು, ಚೂರೇ ಚೂರು ಇದ್ದಿಲ ಪುಡಿ ಉದುರಿಸಿದರು. ಮೈಕ್ರೋಸ್ಕೋಪಿನಲ್ಲಿ ತಾವು ನೋಡಿ, ಸ್ಟೂಲನ್ನು ನನ್ನ ಕಡೆ ತಳ್ಳಿದರು.

ಬರಿಗಣ್ಣಿಗೆ ಎಲೆಯಂತಿದ್ದದ್ದು ಅಲ್ಲಿ ಸಾಲು ಸಾಲು ಕಡ್ಡಿಗಳಾಗಿತ್ತು, ಹೇನಿನ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ. ಕಡ್ಡಿಯಿಂದ ಕಡ್ಡಿಗೆ ಅಡ್ಡಪಟ್ಟಿ, ನಡುನಡುವೆ ನೀರು ಒಳಹೋಗುವ ಕಿಂಡಿ. ಪ್ರತಿ ಕಡ್ಡಿಯ ಅಂಚಿಗೂ ಕಣ್ಣಿಗೆ ನಿಲ್ಲದಷ್ಟು ಸಣ್ಣ ರೋಮ. ಅವು ಒಂದಾದ ಮೇಲೊಂದು ಬಾಗಿ ಏಳುತ್ತಿದ್ದವು, ರಾಗಿ ಹೊಲದ ಮೇಲೆ ಗಾಳಿ ಹಾದಂತೆ. ಇದ್ದಿಲ ಕಣಗಳು ಅವುಗಳ ಮೇಲೆ ಸಾಲು ಹಿಡಿದು ಸಾಗುತ್ತಿದ್ದವು. ಮೈಯಿಂದ ಬೇರೆಯಾದ ಚೂರು ಅದು, ಆದರೂ ತನ್ನ ಕೆಲಸ ಬಿಟ್ಟಿರಲಿಲ್ಲ.

“ಗಟ್ಟಿಯಾಗಿ ಮುಚ್ಚಿಕೊಂಡಿದ್ದಕ್ಕೆ ಉಳಿದುಕೊಂಡಿವೆ. ಪರೀಕ್ಷೆಗೆ ಐದು ಸಾಕು,” ಅಂದರು ಮೇಡಂ. “ಮುಂದಿನ ವರ್ಷ ಬಕೆಟ್ಟು ಮನೆಗೆ ಒಯ್ಯಬೇಡಿ, ನೇರ ಇಲ್ಲಿಗೇ ತನ್ನಿ.”

ಮುಂದಿನ ವರ್ಷ ಅಂದದ್ದು ಕಿವಿಗೆ ಬಿತ್ತು. ಸ್ಲೈಡು ತೊಳೆಯಲು ಹೋದೆ.

ಸಂಜೆ ಅತ್ತೆ ಬಾಗಿಲಲ್ಲೇ ಕೂತಿದ್ದರು. ಬೇಯಿಸಿಟ್ಟ ಸೊಪ್ಪು ಮುಟ್ಟಿರಲಿಲ್ಲ.

“ಕೆಲ್ಸ ಓಯ್ತಾ?”

“ಇಲ್ಲ ಅತ್ತೆ, ಉಳೀತು.”

“ಅಂಗಾದ್ರೆ ಇಟ್ಟಿಕ್ಕು. ಒಟ್ಟೆ ಅಸೀತದೆ.”

ಹಿಂದಿನ ದಿನದ ಹುರುಳಿ ಸಾರನ್ನೂ ಸೊಪ್ಪನ್ನೂ ಕಾಯಿಸಿ ಬಿಸಿ ಮುದ್ದೆ ಇಕ್ಕಿದೆ. ಅತ್ತೆ ಎರಡು ಉಂಡರು, ನಾನೂ ಎರಡು. ಪಾತ್ರೆ ತೊಳೆದು ಒಳಗೆ ಬರುವಷ್ಟರಲ್ಲಿ ಅತ್ತೆಗೆ ನಿದ್ದೆ ಹತ್ತಿತ್ತು.