ಟೈಪ್‌ರೈಟರ್ ನಿಂತ ದಿನ

ನಮ್ಮ ಸೋದರತ್ತೆ ಬೈದರೆ ಮನೆಯಲ್ಲಿ ಯಾರೂ ಕ್ಯಾರೇ ಅನ್ನುತ್ತಿರಲಿಲ್ಲ. ಅವಳು ಸುಮ್ಮನಾದರೆ ಮಾತ್ರ ಎಲ್ಲರ ಎದೆ ಧಸಕ್ ಅನ್ನುತ್ತಿತ್ತು. ನಾನು ಸುಳ್ಳು ಹೆಣೆಯತೊಡಗಿದರೆ ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತುಬಿಡುತ್ತಿದ್ದಳು. ಅಷ್ಟೇ. ನನ್ನ ಸುಳ್ಳು ಅಲ್ಲೇ ಮುಗ್ಗರಿಸುತ್ತಿತ್ತು.

ಈ ವಿದ್ಯೆ ಅವಳಿಗೆ ಬಂದದ್ದು ಕೋರ್ಟಿನಲ್ಲಿ. ಮೂವತ್ತೊಂದು ವರ್ಷ ಅಲ್ಲಿ ಟೈಪಿಸ್ಟ್ ಆಗಿದ್ದಳು. ವಕೀಲರಿಂದ ಹಿಡಿದು ಬಾಗಿಲು ಕಾಯುವವನವರೆಗೆ ಎಲ್ಲರಿಗೂ ಟೈಪಮ್ಮ. ಪೀಠದ ಕೆಳಗೇ ಅವಳ ಮೇಜು. ನ್ಯಾಯಾಧೀಶರು ತೀರ್ಪು ಹೇಳುತ್ತಾ ಹೋದಂತೆ ಇವಳು ಟಕಟಕ ಬಡಿಯುತ್ತಾ ಹೋಗಬೇಕು. ಅವರು ತಾರೀಖು ತಪ್ಪಿದರೆ, ತಮ್ಮನನ್ನು ಅಣ್ಣ ಮಾಡಿದರೆ, ತುಂಬಿದ ಕೋರ್ಟಿನಲ್ಲಿ ಬಾಯಿಬಿಟ್ಟು ತಿದ್ದುವುದುಂಟೇ? ಕೈ ಮಡಿಲಿಗೆ ಬರುತ್ತಿತ್ತು. ಸದ್ದು ನಿಂತೊಡನೆ ಅವರು ಕಾಗದ ನೋಡಿ ಸರಿಪಡಿಸಿಕೊಳ್ಳುತ್ತಿದ್ದರು. ಯಾರ ಮರ್ಯಾದೆಗೂ ಧಕ್ಕೆಯಿಲ್ಲ.

ಒಮ್ಮೆ ಪಿಟೀಲು ಟೀಚರ್ ಒಬ್ಬರ ಕೇಸು ಬಂತು. ಒಂಟಿ ಹೆಂಗಸು, ಮಹಡಿ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಬದುಕುತ್ತಿದ್ದವರು. ಕೆಳಮನೆಯಲ್ಲಿದ್ದ ಕನ್ನಡಕದಂಗಡಿಯವರಿಗೆ ಆ ಕುಯ್ಯೋ ಮರ್ರೋ ಕೇಳಿ ತಲೆ ಚಿಟ್ಟುಹಿಡಿದಿತ್ತು. ಪಾಠವನ್ನೇ ನಿಲ್ಲಿಸಿ ಎಂದು ಕೋರ್ಟಿಗೆ ಬಂದಿದ್ದರು. ಪಾಠ ನಿಂತರೆ ಟೀಚರ್ ಮನೆಯ ಒಲೆಯೂ ನಿಂತಂತೆ.

ನ್ಯಾಯಾಧೀಶರು ಹೊಸಬರು, ಒಳ್ಳೆಯವರು, ಸಂಗೀತದ ಹುಚ್ಚಿನವರು. ಸಂಜೆ ನಾಲ್ಕರಿಂದ ಏಳರವರೆಗೆ ಪಾಠ ನಡೆಯಬಹುದು, ಆಮೇಲೆ ಕೂಡದು ಎಂದರು. ಅತ್ತೆ ಖುಷಿಯಿಂದ ಬಡಿದಳು. ಟೀಚರ್ ಕಣ್ಣೊರೆಸಿಕೊಂಡರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನ್ಯಾಯಾಧೀಶರಿಗೆ ಹುರುಪು ಬಂದುಬಿಟ್ಟಿತು.

“ಅಲ್ಲದೆ, ವಾದಿಯು ಪ್ರತಿ ಶನಿವಾರ ಒಂದು ಗಂಟೆ ಸದರಿ ಪಾಠದಲ್ಲಿ ಕುಳಿತು, ಸಂಗೀತದ ಅಭಿರುಚಿಯನ್ನು...”

ಟೈಪ್‌ರೈಟರ್ ನಿಂತಿತು.

“ಏನಮ್ಮಾ, ಮೆಷಿನ್ ಕೆಟ್ಟೋಯ್ತಾ?”

“ಮೆಷಿನ್ ಚೆನ್ನಾಗಿದೆ ಸ್ವಾಮಿ.”

ವಕೀಲರೆಲ್ಲ ತಲೆಯೆತ್ತಿದರು. ನ್ಯಾಯಾಧೀಶರು ಕಾಗದ ನೋಡಿದರು. ತಾರೀಖು ಸರಿ, ಹೆಸರು ಸರಿ. ಮುಖ ಕೆಂಪಾಗಿ, ಹತ್ತು ನಿಮಿಷ ಬಿಡುವು ಎಂದು ಎದ್ದು ಹೋದರು. ಒಳಕೋಣೆಗೆ ಅತ್ತೆಗೆ ಕರೆ ಬಂತು. ಹಿಂದೊಬ್ಬ ಟೈಪಿಸ್ಟ್ ಎದುರಾಡಿ ಹಳೇ ಕಡತದ ಕೋಣೆ ಸೇರಿದ್ದು ಅವಳಿಗೆ ನೆನಪಿತ್ತು.

“ನಾನು ಹೇಳಿದ್ದರಲ್ಲಿ ತಪ್ಪೇನಿದೆ?”

“ಯಾರೂ ಕೇಳಿಲ್ಲವಲ್ಲ ಸ್ವಾಮಿ ಅದನ್ನ. ಅವರು ನಿಲ್ಸಿ ಅಂದ್ರು, ಇವರು ನಿಲ್ಸಲ್ಲ ಅಂದ್ರು. ಪಾಠಕ್ಕೆ ಕೂರ್ಸಿ ಅಂತ ಯಾರಂದ್ರು?”

“ಅವನ ಒಳ್ಳೇದಕ್ಕೇ ಅಲ್ವೇನಮ್ಮಾ?”

“ಬುದ್ಧಿ ಹೇಳೋಕೆ ಅವರಿಗೆ ಅಪ್ಪ ಅಮ್ಮ ಇದ್ರು ಸ್ವಾಮಿ. ಅವರ ಕೈಲೇ ಆಗಿಲ್ಲ. ನಾಳೆ ಆಯಪ್ಪ ಈ ಒಂದು ಸಾಲು ಹಿಡ್ಕೊಂಡು ಮೇಲಿನ ಕೋರ್ಟಿಗೆ ಹೋಗ್ತಾರೆ. ಇದರ ಜೊತೆ ಇಡೀ ತೀರ್ಪಿಗೇ ತಡೆ ಬಿದ್ರೆ, ಅಷ್ಟು ದಿನ ಆ ಟೀಚರ್ ಏನು ಮಾಡ್ಬೇಕು?”

ನ್ಯಾಯಾಧೀಶರು ನಕ್ಕರು. ಹೊರಬಂದು ಶನಿವಾರದ ಸಾಲನ್ನು ಹೊಡೆದುಹಾಕಿಸಿ, ಬೇರೊಂದು ಹೇಳಿದರು: “ಗದ್ದಲಕ್ಕೆ ಹೊತ್ತು ಗೊತ್ತುಮಾಡುವುದು ಈ ನ್ಯಾಯಾಲಯದ ಕೆಲಸ. ಯಾರಿಗೆ ಯಾವುದು ಇಂಪು ಎಂಬುದು ಇದರ ಕೈಯಲ್ಲಿಲ್ಲ.” ಟೈಪ್‌ರೈಟರ್ ಕುಣಿದಾಡಿತು. ಕನ್ನಡಕದವರು ಮೇಲಿನ ಕೋರ್ಟಿಗೆ ಹೋಗಿಯೇ ಹೋದರು. ಅಲ್ಲಿ ಒಂದೇ ಪುಟದಲ್ಲಿ ಈ ತೀರ್ಪನ್ನೇ ಎತ್ತಿಹಿಡಿದರು. ಟೀಚರ್ ಪಾಠ ಒಂದು ದಿನವೂ ನಿಲ್ಲಲಿಲ್ಲ.

ನಿವೃತ್ತಿಯಾದ ಮರುದಿನವೇ ಅತ್ತೆ ಅದೇ ಟೀಚರ್ ಬಳಿ ಪಿಟೀಲಿಗೆ ಸೇರಿದಳು. ಅವಳ ಪಿಟೀಲಿನ ಬಗ್ಗೆ ಹೇಳದಿರುವುದೇ ವಾಸಿ. ಮೂವತ್ತೊಂದು ವರ್ಷ ಕೀಲಿ ಬಡಿದ ಬೆರಳು, ತಂತಿಯನ್ನೂ ಬಡಿಯುತ್ತದೆ. ಆದರೂ ಆ ಮುಖದ ಸಂಭ್ರಮ ನೋಡಿದರೆ ನನಗೆ ಹೊಟ್ಟೆ ತುಂಬುತ್ತದೆ.

ಮೊನ್ನೆ ನಾನೂ ಹೋಗಿದ್ದೆ. ಅತ್ತೆಗೆ ಮೊದಲ ಬಾರಿ ಒಂದು ಹಾಡು ಕೊನೆಮುಟ್ಟುವ ಲಕ್ಷಣ ಕಂಡಿತ್ತು. ಇನ್ನೊಂದೇ ಸಾಲು ಬಾಕಿ. ಟೀಚರ್ ಉಸಿರು ಬಿಗಿಹಿಡಿದಿದ್ದರು. ಗೋಡೆಯ ಗಡಿಯಾರ ಏಳು ಬಡಿಯಿತು. ಅತ್ತೆ ಕಮಾನು ಕೆಳಗಿಟ್ಟು ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು.

ಕೆಳಗಿನಿಂದ ಕನ್ನಡಕದವರ ಕೂಗು ಬಂತು. ವಯಸ್ಸಾಗಿದೆ, ಗಂಟಲು ಮಾತ್ರ ಹಾಗೇ ಇದೆ.

“ಅಮ್ಮಾ ತಾಯಿ! ಅದೊಂದು ಸಾಲು ಮುಗ್ಸಿಬಿಡ್ರೀ! ಅರ್ಧಕ್ಕೆ ಬಿಟ್ರೆ ನಿದ್ದೆ ಬರೋದು ಹೇಗೆ?”

ಅತ್ತೆ ಕಿಟಕಿಯಿಂದ ಬಗ್ಗಿದಳು. ಮುಖದ ತುಂಬಾ ನಗು.

“ಆಗಲ್ಲ ಸ್ವಾಮಿ. ಏಳಾಯ್ತು. ತೀರ್ಪು ನಾನೇ ಟೈಪ್ ಮಾಡಿದ್ದು.”