ಪಾನಾ ಪೂಜೆಗೆ ಕೂತಾಗ

ನನ್ನ ಸೈಕಲ್ಲಿನ ಸೀಟಿನ ಹಿಂದೆ ಒಂದು ಚರ್ಮದ ಚೀಲ ತೂಗುತ್ತಿತ್ತು. ಅದರಲ್ಲಿ ಏನಿರಬೇಕು, ಏನಿರಬಾರದು ಎಂಬುದರ ಮೇಲೆ ನಮ್ಮ ಮನೆಯಲ್ಲಿ ನಡೆದಷ್ಟು ವಾದ ನನ್ನ ಮದುವೆಯ ಮೇಲೂ ನಡೆಯಲಿಲ್ಲ. ಮದುವೆಯ ಮಾತಿಗೆ ಒಂದು ಸಂಜೆ ಸಾಕಾಯಿತು. ಚೀಲದ ಮಾತಿಗೆ ಪ್ರತಿ ರವಿವಾರ ಬೇಕಾಗುತ್ತಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆ ಧಾರವಾಡದ ಪೇಟೆಯ ಒಂದು ಓಣಿಯಲ್ಲಿ, ನಾನು ಸೇರಿದ ಕಾಲೇಜು ಸಪ್ತಾಪುರದ ಆಚೆ. ನಡುವೆ ಏರು, ಇಳಿವು, ಮತ್ತೆ ಏರು. ನಡೆದು ಹೋದರೆ ಬೆಳಗಿನ ಮೊದಲ ಪಾಠ ತಪ್ಪುತ್ತಿತ್ತು, ನಡೆದು ಬಂದರೆ ದೀಪ ಹಚ್ಚುವ ಹೊತ್ತು ಮೀರುತ್ತಿತ್ತು. ದೀಪ ಹಚ್ಚಿದ ಮೇಲೆ ಮನೆ ಸೇರುವ ಹುಡುಗಿಗೆ ಕಾಲೇಜೇ ಬೇಡ ಎಂಬುದು ಆಯಿಯ ಕಾಯಿದೆ. ಆಯಿ ಎಂದರೆ ಅಪ್ಪನ ತಾಯಿ, ನಮ್ಮ ಮನೆಯ ಹೈಕೋರ್ಟು. ಅಲ್ಲಿಂದ ಮುಂದೆ ಅಪೀಲಿಗೆ ಜಾಗವಿರಲಿಲ್ಲ. ಅಪ್ಪ ಅವಳ ಕೈಕಾಲು ಹಿಡಿದು ಒಪ್ಪಿಸಿ, ಯಾರೋ ಓಡಿಸಿ ಬಿಟ್ಟಿದ್ದ ಲೇಡೀಸ್ ಸೈಕಲ್ ಒಂದನ್ನು ತಂದಾಗ ಆಯಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕರಾರು ಹೇಳಿದಳು.

“ಗಾಡಿ ನಿನ್ನ ಹೊತಗೊಂಡು ಬರಬೇಕು. ನೀನ ಒಂದ್ ದಿನ ಗಾಡಿ ನೂಕ್ಕೋತ ಮನಿಗೆ ಬಂದೀ ಅಂದ್ರ, ಅದು ಅಟ್ಟಕ್ಕ, ನೀ ಅಡಗಿಮನಿಗೆ.”

ಸೈಕಲ್ ಹೋದರೆ ಕಾಲೇಜು ಹೋದಂತೆ. ಹೀಗಾಗಿ ಚೀಲದ ಸಾಮಾನು ನನ್ನ ಮಟ್ಟಿಗೆ ಬರಿಯ ಸಾಮಾನಾಗಿರಲಿಲ್ಲ.

ಅಪ್ಪನದು ಒಂದೇ ಸಿದ್ಧಾಂತ: “ಚೀಲದಾಗ ಇದ್ದದ್ದು ಕೆಡೂದಿಲ್ಲ, ಇಲ್ಲದ್ದ ಕೆಡತೈತಿ.” ಈ ಸಿದ್ಧಾಂತದ ಪ್ರಕಾರ ನಟ್ಟು ಬಿಗಿಯುವ ದೊಡ್ಡ ಪಾನಾ, ಸಣ್ಣ ಪಾನಾ, ವಾಲ್ ಟ್ಯೂಬು, ಪಂಚರ್ ಹಚ್ಚುವ ಸೊಲ್ಯೂಶನ್, ರಬ್ಬರಿನ ತುಂಡು, ಎಣ್ಣೆ ಡಬ್ಬಿ ಎಲ್ಲವೂ ಒಳಗೆ ಹೋದವು. ಹವಾ ಹೊಡೆಯುವ ಪಂಪು ಚೌಕಟ್ಟಿಗೆ ಕಟ್ಟಿಸಿಕೊಂಡಿತು. ಅವ್ವ ಸೂಜಿ, ದಾರ, ಪಿನ್ನು ಇಟ್ಟಳು. ಸೀರೆ ಹರಿದರೆ ಯಾವ ಪಾನಾದಿಂದ ಬಿಗಿಯುತ್ತೀ ಎಂದು ಅವಳ ಪ್ರಶ್ನೆ. ಆಯಿ ಒಂದು ನಿಂಬೆಹಣ್ಣು, ಒಂದು ವಿಭೂತಿ ಗಟ್ಟಿ ಸೇರಿಸಿದಳು. ಪಂಚರ್ ಆದರೆ ವಿಭೂತಿ ಹಚ್ಚುವುದು ಗಾಲಿಗೋ ನನಗೋ ಎಂದು ಕೇಳಿ ಬೈಸಿಕೊಂಡೆ.

ಏರು ಹತ್ತುವಾಗ ಈ ಸಂಸಾರವೆಲ್ಲ ನನ್ನ ಕಾಲಿಗೇ ಜೋತುಬೀಳುತ್ತಿತ್ತು. ಇಳಿಯುವಾಗ ಪಾನಾ ಪಾನಾಕ್ಕೆ ಬಡಿದು ಖಣಖಣ ಸದ್ದು. ಕಾಲೇಜಿನ ಗೇಟಿನಲ್ಲಿ ನಿಲ್ಲುವ ಹುಡುಗರು “ಲೇ, ಗುಜರಿ ಗಾಡಿ ಬಂತಲೇ” ಎಂದು ದಾರಿ ಬಿಡುತ್ತಿದ್ದರು. ಸಿಟ್ಟಿಗೆದ್ದು ಒಮ್ಮೆ ದೊಡ್ಡ ಪಾನಾವನ್ನು ಜೋಳದ ಡಬ್ಬಿಯಲ್ಲಿ ಹೂತೆ. ಮರುದಿನ ಹಿಟ್ಟಿಗೆ ಜೋಳ ತೆಗೆಯಲು ಹೋದ ಅವ್ವನ ಕೈಗೆ ಅದು ಸಿಕ್ಕಿತು. ಅವಳು ಅದನ್ನು ಹಳೆಯ ಕುಪ್ಪಸದ ತುಂಡಿನಲ್ಲಿ ಸುತ್ತಿ ಮತ್ತೆ ಚೀಲಕ್ಕೆ ಸೇರಿಸಿದಳು. ಸದ್ದು ನಿಂತಿತು, ಭಾರ ಹಾಗೇ ಉಳಿಯಿತು.

ಹೀಗೆ ನಡೆದಿರುವಾಗ ದಸರೆ ಬಂತು. ನಮ್ಮಲ್ಲಿ ಮಹಾನವಮಿಯ ದಿನ ಖಂಡೇಪೂಜೆ. ಮನೆಯಲ್ಲಿ ಹರಿತವಾದದ್ದು, ಬಿಗಿಯುವಂಥದ್ದು, ಬಡಿಯುವಂಥದ್ದು ಏನಿದೆಯೋ ಎಲ್ಲವನ್ನೂ ಮಣೆಯ ಮೇಲೆ ಇಟ್ಟು ಹೂ ಏರಿಸಿದರೆ, ಮರುದಿನ ಬನ್ನಿ ಕೊಟ್ಟು ಮನೆಗೆ ಬರುವ ತನಕ ಯಾರೂ ಮುಟ್ಟುವಂತಿಲ್ಲ. ಈ ಇಲಾಖೆ ಪೂರ್ತಿ ಆಯಿಯದು. ಅವ್ವನ ಈಳಿಗೆ ಹೋಯಿತು. ಎರಡು ದಿನ ಕಾಯಿಪಲ್ಯೆ ಹೆಚ್ಚುವಂತಿಲ್ಲ, ಬರೀ ಬೇಳೆ. ಅಪ್ಪನ ಕ್ಷೌರದ ಕತ್ತಿ ಹೋಯಿತು; ಗಡ್ಡ ಕೆರೆದುಕೊಳ್ಳುತ್ತ ತಿರುಗಾಡಿದರು. ನನ್ನ ಚೀಲವನ್ನು ಆಯಿ ತಾನೇ ತಲೆಕೆಳಗು ಮಾಡಿ ಝಾಡಿಸಿದಳು. ಪಾನಾ, ಎಣ್ಣೆ ಡಬ್ಬಿ, ಅವ್ವನ ಸೂಜಿ ಕೂಡ ಕುಂಕುಮ ಹಚ್ಚಿಕೊಂಡು ಸಾಲಾಗಿ ಕೂತವು. ನಿಂಬೆಹಣ್ಣೊಂದೇ ಚೀಲಕ್ಕೆ ವಾಪಸು ಹೋಯಿತು; ಸೈಕಲ್ಲಿಗೂ ಹೂ ಏರಿತು.

ದಶಮಿಯ ಸಂಜೆ ಆಯಿಗೆ ಪೀಕಲಾಟ ಶುರುವಾಯಿತು. ಅವಳ ಅಕ್ಕ ಸಪ್ತಾಪುರದಲ್ಲಿ ಮಗನ ಮನೆಯಲ್ಲಿದ್ದಳು. ದೀಪ ಹಚ್ಚುವುದರೊಳಗೆ ಅಕ್ಕನಿಗೆ ಬನ್ನಿ ಕೊಟ್ಟು ಕಾಲು ಮುಟ್ಟುವುದು ಆಯಿ ಒಂದು ವರ್ಷವೂ ತಪ್ಪಿಸದ ಪದ್ಧತಿ. ಹೇಳಿಟ್ಟಿದ್ದ ಟಾಂಗಾ ಬರಲಿಲ್ಲ. ಅಪ್ಪ ತಮ್ಮ ಸಾಹೇಬರಿಗೆ ಬನ್ನಿ ಕೊಡಲು ಆಗಲೇ ಹೋಗಿದ್ದರು. ಆಯಿ ಕಟ್ಟೆಗೂ ಬಾಗಿಲಿಗೂ ಓಡಾಡಿದಳು. ಕೊನೆಗೆ ಅವಳ ಕಣ್ಣು ಗೋಡೆಗೆ ಆನಿಸಿದ್ದ ನನ್ನ ಸೈಕಲ್ಲಿನ ಮೇಲೆ ನಿಂತಿತು.

“ಹಿಂದ ಒಬ್ರನ್ನ ಹೊರತೈತೇನ ಇದು?”

“ಪೂಜಿ ಮಾಡಿದ್ದನ್ನ ಮುಟ್ಟಬಾರದಲ್ಲ ಆಯಿ,” ಅಂದೆ, ಬಹಳ ಭಕ್ತಿಯಿಂದ.

“ಆಯುಧ ಬ್ಯಾರೆ, ವಾಹನ ಬ್ಯಾರೆ. ಪೂಜಿ ಮಾಡಿದ ಕುದರಿ ಏರೇ ರಾಜರು ಸೀಮಿ ದಾಟತಿದ್ರು.”

“ಹಂಗಾರ ಪಾನಾ ತಗೋಲೇನು?”

“ಪಾನಾ ಮುಟ್ಟಿದಿ ಅಂದ್ರ ಕೈ ಮುರೀತೀನಿ.”

ಹೊರಟೆವು. ಆಯಿ ಕ್ಯಾರಿಯರ್ ಮೇಲೆ ಒಂದು ಬದಿಗೆ ಕೂತು, ಒಂದು ಕೈಯಲ್ಲಿ ಬನ್ನಿಯ ಗಂಟು, ಇನ್ನೊಂದು ಕೈಯಲ್ಲಿ ನನ್ನ ಜಡೆ ಹಿಡಿದಳು. ಯಾರೂ ಗುರುತಿಸಬಾರದೆಂದು ಸೆರಗನ್ನು ಮೂಗಿನ ತನಕ ಎಳೆದಿದ್ದಳು. ಆದರೆ ಎದುರು ಬಂದವರಿಗೆಲ್ಲ “ಸರೀರೆಪಾ, ಸರೀರಿ” ಎಂದು ಅವಳೇ ಕೂಗುತ್ತಿದ್ದಳು. ಆ ದನಿ ನಮ್ಮ ಪೇಟೆಯಲ್ಲಿ ಗೊತ್ತಿಲ್ಲದವರು ಯಾರು?

ಸಪ್ತಾಪುರದ ಏರಿನ ಅರ್ಧಕ್ಕೆ ಬಂದಾಗ ಕಟಕ್ ಎಂದಿತು. ಚೈನು ಬಿದ್ದು, ಹಿಂದಿನ ಗಾಲಿಯ ಹಲ್ಲಿಗೂ ಚೌಕಟ್ಟಿಗೂ ನಡುವೆ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಗಾಲಿ ಹಿಂದೆಯೂ ಹೋಗದು, ಮುಂದೆಯೂ ಹೋಗದು. ಬೆರಳಿನಿಂದ ಎಳೆದೆ, ಉಗುರು ಮುರಿಯಿತು. ತಲೆಯ ಪಿನ್ನು ಹಾಕಿ ಮೀಟಿದೆ, ಅದು ಬಾಗಿತು. ಕಡ್ಡಿ ತಂದೆ, ಅದೂ ಮುರಿಯಿತು. ಸ್ವಲ್ಪ ಕೆಳಗೆ ಒಂದು ಸೈಕಲ್ ಅಂಗಡಿಯಿತ್ತು, ಓಡಿ ಹೋಗಿ ನೋಡಿದರೆ ಬಾಗಿಲಿಗೆ ಮಾವಿನೆಲೆ, ಬೀಗ. ಊರಿನ ಪಾನಾಗಳೆಲ್ಲ ಅವತ್ತು ಹೂ ಮುಡಿದು ಕೂತಿದ್ದವು. ನನ್ನ ಚೀಲದಲ್ಲಿ ಉಳಿದದ್ದು ಆಯಿಯ ನಿಂಬೆಹಣ್ಣು ಒಂದೇ.

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ವರ್ಷವಿಡೀ ಕಬ್ಬಿಣ ಹೊತ್ತು ತಿರುಗಿದವಳಿಗೆ ಬೇಕಾದ ದಿನ ಒಂದು ಮೊಳೆಯೂ ಇಲ್ಲ. ಸೈಕಲ್ಲನ್ನು ನೂಕುವುದಿರಲಿ, ಇನ್ನು ಎತ್ತಿಕೊಂಡೇ ಮನೆಗೆ ಹೋಗಬೇಕು. ಕಾಲೇಜು ಮುಗಿಯಿತು ಎಂದುಕೊಂಡೆ.

“ಹೇಳಿಬಿಡು ಆಯಿ. ಅಟ್ಟಕ್ಕ ಹಾಕೂದು ಇವತ್ತೋ, ನಾಳೆನೋ?”

ಆಯಿ ಪಡುವಣದ ಬಿಸಿಲು ನೋಡಿದಳು, ಅಕ್ಕನ ಮನೆಯ ದಿಕ್ಕು ನೋಡಿದಳು, ರಸ್ತೆಯ ಎರಡೂ ಬದಿ ನೋಡಿದಳು. “ಹಿಡಿ ಇದನ್ನ” ಎಂದು ಬನ್ನಿಯ ಗಂಟು ನನ್ನ ಕೈಗೆ ಕೊಟ್ಟು, ಸೊಂಟದ ಎಲೆಅಡಿಕೆಯ ಸಂಚಿ ಬಿಚ್ಚಿ, ಅದರ ಒಳಗಿನ ಇನ್ನೊಂದು ಕಿಸೆಯಿಂದ ಒಂದು ವಸ್ತು ತೆಗೆದಳು.

ಅಡಕೊತ್ತು! ಅಡಿಕೆ ಕತ್ತರಿಸುವ, ಫಳಫಳ ಹೊಳೆಯುವ, ಹರಿತವಾದ, ಕುಂಕುಮದ ಒಂದು ಚುಕ್ಕೆಯೂ ಸೋಕದ ಅಡಕೊತ್ತು. ಎರಡು ದಿನದಿಂದ ನಾವೆಲ್ಲ ಬೇಳೆ ತಿಂದು, ಗಡ್ಡ ಕೆರೆದುಕೊಂಡು ಕೂತಿದ್ದರೆ, ಆಯಿಯ ಬಾಯಿ ಮಾತ್ರ ಹೇಗೆ ಕೆಂಪಗಿತ್ತು ಎಂದು ನಾವು ಯಾರೂ ವಿಚಾರ ಮಾಡಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

“ಆಯಿ! ಇದು ಮಣಿ ಮ್ಯಾಲೆ ಇರಬೇಕಿತ್ತಲ್ಲ?”

“ಮೊದಲ ಬಗ್ಗಿ ಕೆಲಸ ನೋಡು.”

ಅದರ ಹಿಡಿಕೆಯನ್ನು ಚೈನಿನ ಸಂದಿಗೆ ತೂರಿಸಿ ಇಬ್ಬರೂ ಸೇರಿ ಮೀಟಿದೆವು. ಚೈನು ಬಿಡಿಸಿಕೊಂಡು ಹೊರಗೆ ಬಂತು, ಹಿಡಿಕೆ ಸೊಟ್ಟಗಾಯಿತು. ಚೈನನ್ನು ಹಲ್ಲಿಗೆ ಏರಿಸಿ ಪೆಡಲ್ ತಿರುಗಿಸಿದಾಗ ಗಾಲಿ ಏನೂ ಆಗಿಲ್ಲವೆಂಬಂತೆ ತಿರುಗಿತು. ಆಯಿಯ ಕೈ ನನ್ನ ಕೈಯಷ್ಟೇ ಕಪ್ಪಾಗಿತ್ತು. ನಿಂಬೆಹಣ್ಣನ್ನು ಅದೇ ಅಡಕೊತ್ತಿನಿಂದ ಹೋಳು ಮಾಡಿ ಇಬ್ಬರೂ ಕೈ ಉಜ್ಜಿಕೊಂಡೆವು. ಅವಳ ನಿಂಬೆಹಣ್ಣು ಉಪಯೋಗಕ್ಕೆ ಬಂದದ್ದನ್ನು ಅವಳು ನನಗೆ ಹೇಳಿ ತೋರಿಸದೆ ಬಿಡಲಿಲ್ಲ.

“ಈ ಸುದ್ದಿ ಮನ್ಯಾಗ ಬ್ಯಾಡ,” ಅಂದಳು.

“ಯಾವ ಸುದ್ದಿ? ಚೈನಿಂದೋ, ಅಡಕೊತ್ತಿಂದೋ?”

ಆಯಿ ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ನಕ್ಕಳು, ರಸ್ತೆಯಲ್ಲಿ ನಿಂತು, ಸೆರಗು ಜಾರಿದ್ದನ್ನೂ ಮರೆತು. ಅವಳು ಹಾಗೆ ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ. ನನಗೆ ಅವಳ ಮೇಲೆ ಪ್ರೀತಿ ಉಕ್ಕಿ ಬಂತು. ಅಲ್ಲಿಯ ತನಕ ಇದ್ದದ್ದು ಹೆದರಿಕೆ.

ಉಳಿದ ಏರನ್ನು ಆಯಿ ನಡೆದು ಹತ್ತಿದಳು, ನಾನು ಸೈಕಲ್ ನೂಕಿದೆ. ನೂಕಿದೆನಲ್ಲ, ಕರಾರು ಮುರಿಯಿತೇ ಎಂದು ಕೇಳಿದರೆ, “ಮನಿಗೆ ನೂಕ್ಕೋತ ಬಂದ್ರ ಅಂದೀನಿ. ಇದು ಅಕ್ಕನ ಮನಿ ದಾರಿ” ಎಂದು ಹೈಕೋರ್ಟು ತೀರ್ಪು ಕೊಟ್ಟಿತು. ಬನ್ನಿ ಕೊಟ್ಟು, ಕಾಲು ಮುಟ್ಟಿ, ಇಳಿಜಾರಿನಲ್ಲಿ ಗಾಳಿಗೆ ಸೆರಗು ಹಾರಿಸುತ್ತ ಮನೆಗೆ ಬಂದೆವು.

“ಗಾಡಿ ಹೆಂಗ ಐತವ್ವಾ?” ಎಂದು ಅಪ್ಪ ಆಯಿಯನ್ನು ಕೇಳಿದರು.

“ಛಲೋ ಐತಿ. ಆ ಟಾಂಗಾಕ್ಕಿಂತ ಸೊಂಟಕ್ಕ ಆರಾಮ,” ಎಂದು ಆಯಿ ಕೈ ತೊಳೆಯಲು ಹೋದಳು.

ಅಡಕೊತ್ತು ಕಳೆದುಹೋಯಿತೆಂದು ಅಪ್ಪನಿಂದ ಹೊಸದು ತರಿಸಿಕೊಂಡಳು. ಸೊಟ್ಟಗಾದದ್ದು ಒಂದು ದಿನ ನನ್ನ ಚೀಲದಲ್ಲಿ, ಕುಪ್ಪಸದ ತುಂಡಿನೊಳಗೆ ಸಿಕ್ಕಿತು. ದೊಡ್ಡ ಪಾನಾ ಅಲ್ಲಿಂದ ಮಾಯವಾಗಿತ್ತು.

ಮುಂದಿನ ದಸರೆಗೆ ಅಪ್ಪ ತಾವೇ ಮಣೆಯ ಮುಂದೆ ಕೂತರು. ನಾನು ಚೀಲದಿಂದ ಒಂದೊಂದೇ ತೆಗೆದಿಟ್ಟೆ. ಕುಪ್ಪಸದ ಗಂಟಿಗೆ ಕೈ ತಾಗಿದಾಗ ನಿಲ್ಲಿಸಿದೆ. ಅಪ್ಪ ಕೈ ಚಾಚಿದರು. “ಖಾಲಿ ಆತೇನ? ತಾ ಇಲ್ಲೆ, ಝಾಡಸ್ತೀನಿ.”

“ಖಾಲಿ ಆತು,” ಎಂದು ಆಯಿ ನನಗಿಂತ ಮೊದಲು ಹೇಳಿದಳು. “ಹೆಣ್ಣುಮಕ್ಕಳ ಚೀಲ ಝಾಡಸಬಾರದು.”

ಅಪ್ಪ ಕೈ ಹಿಂದೆಗೆದುಕೊಂಡರು. ಆರತಿಯ ಹೊತ್ತಿಗೆ ಆಯಿ ನನ್ನ ಬದಿಗೆ ಸರಿದು, ಕೆಂಪು ಬಾಯಿಯನ್ನು ನನ್ನ ಕಿವಿಯ ಹತ್ತಿರ ತಂದಳು.

“ಒಂದರೆ ಕೈಯಾಗ ಇಟ್ಕೊಂಡಿರಬೇಕವ್ವಾ. ದೇವರು ಎಲ್ಲಾನೂ ಕೇಳೂದಿಲ್ಲ.”