ತಿಕೋಟಾದ ಒಲೆಯ ಬೂದಿಯಲ್ಲಿ ತಂಗಿಯ ಕಣ್ಣು

ವಿಜಾಪುರದ ಗಾಂಧಿ ಚೌಕದ ಹತ್ತಿರ ನಾವು ಬಸ್ಸು ಹತ್ತಿದಾಗ ಬೆಳಗಿನ ಬಿಸಿಲು ಆಗಲೇ ಬೆನ್ನು ಚುರುಗುಟ್ಟಿಸುತ್ತಿತ್ತು. ಜೋರಾಪುರ ಪೇಟೆಯ ನನ್ನ ಅರಿವೆ ಅಂಗಡಿಗೆ ಕೀಲಿ ಹಾಕಿ ನಾನು ಹೊರಟಿದ್ದು ತಂಗಿ ಗಿರಿಜೆಯ ಸಲುವಾಗಿ. ಬಬಲೇಶ್ವರದ ಸಾಲೆಯಲ್ಲಿ ಕಲಿಸುವವರ ಒಂದು ಜಾಗ ಖಾಲಿ ಇತ್ತು. ಮಧ್ಯಾಹ್ನ ಹೆಡ್ ಮಾಸ್ತರರ ಎದುರು ಅವಳು ಪುಸ್ತಕ ಓದಿ ಪಾಠ ಮಾಡಿ ತೋರಿಸಬೇಕಿತ್ತು. ನೆಟ್ಟಗೆ ಹೋಗುವ ಬಸ್ಸು ಕೆಟ್ಟು ನಿಂತಿದ್ದರಿಂದ ತಿಕೋಟಾದ ಮೇಲೆ ಸುತ್ತುಹಾಕುವುದು ಬಂತು. ಬಸ್ಸಿನವರನ್ನು ನಾನು ಮನಸಾರೆ ಬೈದೆ.

ಗಿರಿಜೆಗೆ ಇದ್ದದ್ದು ಒಂದೇ ಕಣ್ಣು. ಎಡಗಣ್ಣು ಚಿಕ್ಕಂದಿನಲ್ಲೇ ಮೈಲಿಬೇನೆಗೆ ಹೋಗಿತ್ತು. ಬಲಗಣ್ಣಿನ ಗುಡ್ಡೆ ಮುಂದೆ ಮೊನಚಾಗಿ ಉಬ್ಬಿ, ಎಂಥ ಚಾಳೀಸು ಹಾಕಿದರೂ ಅಕ್ಷರಗಳು ಕಲಸಿಹೋಗುತ್ತಿದ್ದವು. ಹೋದ ವರ್ಷ ಮುಂಬಯಿಯ ಡಾಕ್ಟರೊಬ್ಬರು ಕಣ್ಣೊಳಗೇ ಇಡುವ ಲೆನ್ಸ್ ಮಾಡಿಸಿಕೊಟ್ಟರು. ಅವರೆಕಾಳಿನ ಸಿಪ್ಪೆಯಷ್ಟು ತೆಳುವಾದ ಪ್ಲಾಸ್ಟಿಕ್ಕಿನ ಬಿಲ್ಲೆ. ಸೋಪಿನಿಂದ ಕೈ ತೊಳೆಯದೆ ಅದನ್ನು ಮುಟ್ಟಬಾರದು, ಉಗುಳು ಹಚ್ಚಬಾರದು, ಹಾಕಿಕೊಂಡು ಮಲಗಬಾರದು. ಕಣ್ಣು ಕೆಂಪಾದರೆ ಕೂಡಲೇ ತೆಗೆಯಬೇಕು, ಕೆಂಪು ಹೋಗುವ ತನಕ ಹಾಕಬಾರದು ಎಂದು ಅವರು ತಾಕೀತು ಮಾಡಿದ್ದರು. ಅವ್ವನ ಅಡುಗೆಮನೆಯ ಮಡಿಗೆ ಮೂಗು ಮುರಿಯುವ ಈ ಹುಡುಗಿ, ಈ ಮಡಿಯನ್ನು ಮಾತ್ರ ಒಂದು ದಿನವೂ ಬಿಡಲಿಲ್ಲ.

ಊರು ದಾಟಿದ್ದೇ ತಡ, ಗಾಳಿ ಎದ್ದಿತು. ಕಿಟಕಿಗೆ ಗಾಜಿಲ್ಲದ ಬಸ್ಸು. ಬಯಲು ಮಡ್ಡಿಯ ಮಣ್ಣೆಲ್ಲ ನಮ್ಮ ಮುಖಕ್ಕೇ ಬಂತು. ಕರಿ ಕನ್ನಡಕ, ಸೆರಗು ಎರಡನ್ನೂ ಒತ್ತಿ ಹಿಡಿದರೂ ಗಿರಿಜೆಯ ಕಣ್ಣಿಗೆ ಧೂಳು ಹೊಕ್ಕಿತು. ನೀರು ಧಾರಾಕಾರ ಸುರಿಯತೊಡಗಿತು.

“ತಗದುಬಿಡವಾ ಅದನ್ನ,” ಎಂದೆ.

“ಕೈ ನೋಡಿಲ್ಲಿ, ಹ್ಯಾಂಗ ಆಗ್ಯಾವ. ನೀರು, ಸೋಪು ಸಿಗೋ ತನಕ ಮುಟ್ಟಂಗಿಲ್ಲ,” ಎಂದಳು. ಹಟಮಾರಿ.

ತಿಕೋಟಾದಲ್ಲಿ ಇಳಿದವರೇ ಬಸಪ್ಪನ ಮನೆಗೆ ಹೋದೆವು. ಬಸಪ್ಪ ನನ್ನ ಅಂಗಡಿಯ ಹಳೆಯ ಗಿರಾಕಿ, ಒಕ್ಕಲುತನದವನು. ಬಬಲೇಶ್ವರದ ಬಸ್ಸಿಗೆ ಇನ್ನೂ ಹೊತ್ತಿತ್ತು. ನನ್ನ ಮುಂದೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಂದವು. ಗಿರಿಜೆ ಒಳಗೆ ಕೈ ತೊಳೆಯುತ್ತಿದ್ದಳು. ಬಸಪ್ಪನ ತಾಯಿ ಗೌರವ್ವ ಅವಳ ಕಣ್ಣು ನೋಡಿದಳು.

“ಅಯ್ಯ ನನ್ನವ್ವ, ಹರಳ ಬಿದ್ದದ. ಬಾ ಇಲ್ಲಿ,” ಎಂದಳು.

ಕಣ್ಣಲ್ಲಿ ಬಿದ್ದ ಕಸವನ್ನು ನಾಲಿಗೆಯ ತುದಿಯಿಂದ ತೆಗೆಯುವುದರಲ್ಲಿ ಗೌರವ್ವ ಹೆಸರಾದವಳು. ಕನಮಡಿಯಂಥ ದೂರದ ಊರಿನಿಂದಲೂ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದರಂತೆ. ಗಿರಿಜೆ ಬೇಡವೆನ್ನುವ ಮೊದಲೇ ಮುದುಕಿ ಗದ್ದ ಹಿಡಿದು, ರೆಪ್ಪೆ ಬಿಡಿಸಿ, ನಾಲಿಗೆ ಆಡಿಸಿಬಿಟ್ಟಿದ್ದಳು. ಗದ್ದಲ ಕೇಳಿ, ತುತ್ತು ಬಿಟ್ಟು ನಾನು ಒಳಗೆ ಓಡಿದಾಗ ಗೌರವ್ವ ಮನೆಯ ಹೆಂಗಸರಿಗೆಲ್ಲ ನಾಲಿಗೆ ಚಾಚಿ ತೋರಿಸುತ್ತಿದ್ದಳು. ತುದಿಯ ಮೇಲೆ ಲೆನ್ಸ್ ಮಿನುಗುತ್ತಿತ್ತು.

“ಎಷ್ಟು ದೊಡ್ಡದರೀ ಯಪ್ಪಾ,” ಎಂದಳು ಸೊಸೆ.

ಕಣ್ಣಿಂದ ತೆಗೆದದ್ದನ್ನು ಒಲೆಗೆ ಉಗುಳಬೇಕು, ಇಲ್ಲವಾದರೆ ಅದು ಮತ್ತೆ ಕಣ್ಣಿಗೇ ಬರುತ್ತದೆ ಎಂಬುದು ಅವರ ಪದ್ಧತಿ. ಗೌರವ್ವ ಹಾಗೇ ಮಾಡಿದಳು.

“ಅಜ್ಜಿ, ಅದು ಹರಳಲ್ಲ. ನನ್ನ ಕಣ್ಣದು,” ಎಂದಳು ಗಿರಿಜೆ. ಮೆಲ್ಲಗೇ ಹೇಳಿದಳು. ಅದೇನೆಂದು ನಾನು ಬಿಡಿಸಿ ಹೇಳಿದೆ.

ವಿಷಯ ತಿಳಿದ ಮೇಲೆ ಗೌರವ್ವ ಗೊಳೋ ಎಂದು ಅಳುತ್ತ ಕೊಳ್ಳಿ ಎಳೆದು ಹಾಕಿದಳು. ಬಿಸಿ ಬೂದಿಯನ್ನು ಬರಿಗೈಯಲ್ಲೇ ಬಾಚಿ ಜರಡಿಗೆ ಸುರಿದಳು. ಲೆನ್ಸ್ ಸಿಕ್ಕಿತು. ಪುಣ್ಯಕ್ಕೆ ಅಂಚಿನ ಬೂದಿಗೆ ಬಿದ್ದಿದ್ದರಿಂದ ಕರಗಿರಲಿಲ್ಲ. ಬಸ್ಸಿನ ಹಾರ್ನು ಕೇಳಿಸಿತು.

“ತೊಳದು ಹಾಕ್ಕೋ, ಲಗೂನ,” ಎಂದೆ.

“ಹಾಕ್ಕೊಳಂಗಿಲ್ಲ. ಬಾಯಾಗ ಹೋಗಿ, ಬೂದ್ಯಾಗ ಬಿದ್ದು ಬಂದದ. ಕಣ್ಣರ ಕೆಂಡ ಆಗೇದ.”

“ಹಂಗಾರ ಪಾಠ ಹ್ಯಾಂಗ ಮಾಡ್ತೀ? ಬರೇ ಒಂದು ತಾಸಿನ ಮಾತು.”

“ಅಣ್ಣಾ, ಇದೊಂದ ಅದ ನನಗ.”

ನನಗೆ ರೇಗಿತು. ಇಷ್ಟು ದೂರ ಬಂದು, ಅಂಗಡಿ ಮುಚ್ಚಿ, ಒಂದು ತಾಸು ತಾಳಲಾರೆಯಾ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದೆ. ಅವಳು ಕಣ್ಣು ಮುಚ್ಚಿ ಸೆರಗು ಒತ್ತಿ ಹಿಡಿದುಕೊಂಡಿದ್ದಳು.

ಬಬಲೇಶ್ವರದಲ್ಲಿ ಹೆಡ್ ಮಾಸ್ತರರು ಪುಸ್ತಕ ಮುಂದೆ ಹಿಡಿದರು. ಗಿರಿಜೆ ಅದನ್ನು ಮುಟ್ಟಲಿಲ್ಲ.

“ಇವತ್ತ ನನಗ ಕಾಣಂಗಿಲ್ರಿ. ಕಣ್ಣು ಆರಾಮ ಆದಮ್ಯಾಲೆ ಬಂದು ಓದ್ತೀನಿ,” ಎಂದು ನಡೆದದ್ದನ್ನೆಲ್ಲ ಹೇಳಿದಳು.

ಅವರು ಬಗ್ಗಿ ಅವಳ ಕಣ್ಣು ನೋಡಿದರು. “ಎಂಟು ದಿನ ಕಾಯ್ತೀನಿ ತಂಗಿ. ಅದರ ಮ್ಯಾಲೆ ಬ್ಯಾರೆಯವರನ್ನ ತಗೋಬೇಕಾಗ್ತದ,” ಎಂದರು. ಬಿರುಸಿನ ಮನುಷ್ಯರಲ್ಲ, ಚಹಾ ತರಿಸಿ ಕುಡಿಸಿ ಕಳಿಸಿದರು.

ಮುಂದೆ ಕಣ್ಣು ತಿಳಿಯಾದದ್ದು, ಮುಂಬಯಿಗೆ ಹೋಗಿ ಲೆನ್ಸ್ ಹೊಸದು ಮಾಡಿಸಿದ್ದು, ಮಾಸ್ತರರು ಎಂಟರ ಮೇಲೆ ಮತ್ತಷ್ಟು ದಿನ ಕಾದು ಅವಳನ್ನೇ ತೆಗೆದುಕೊಂಡದ್ದು, ಎಲ್ಲವೂ ಹೌದು. ಆದರೆ ಆ ಸಂಜೆ, ರಿಪೇರಿಯಾಗಿ ನೆಟ್ಟಗೆ ವಿಜಾಪುರಕ್ಕೆ ಹೊರಟ ಬಸ್ಸಿನಲ್ಲಿ ಅದು ಯಾವುದೂ ನಮಗೆ ಗೊತ್ತಿರಲಿಲ್ಲ. ಬೆಳಕು ಚುಚ್ಚುತ್ತದೆಂದು ಗಿರಿಜೆ ಕಣ್ಣಿನ ಮೇಲೆ ನನ್ನ ಧೋತರದ ಚುಂಗನ್ನೇ ಹಿಡಿದುಕೊಂಡಿದ್ದಳು.

“ಅಣ್ಣಾ, ಹೊರಗ ಏನೇನ ಕಾಣ್ತದ ಹೇಳು,” ಎಂದಳು.

ಹೇಳಿದೆ. ಜೋಳ ಕೊಯ್ದ ಹೊಲ, ಕುರಿ ಹಿಂಡು, ಬಾವಿಗೆ ಹೊರಟ ಹೆಂಗಸರು, ಒಂಟಿ ಬೇವಿನ ಗಿಡ. ಜನ್ಮದಲ್ಲಿ ನಾನು ಕಿಟಕಿಯಿಂದ ಇಷ್ಟು ನೋಡಿದವನಲ್ಲ. ಇನ್ನು ಮುಂದೆ ಹೀಗೇ ಹೇಳುತ್ತಿರಬೇಕಾದರೆ ಎಂಬ ಹೆದರಿಕೆ ಆಗಲೇ ಹುಟ್ಟಿತು. ಒಂದು ತಾಸಿನ ಪಾಠಕ್ಕೆ ನಾನು ಈ ಕಣ್ಣನ್ನು ಪಣಕ್ಕಿಡಲು ಹೊರಟಿದ್ದೆ.

“ಗುಮ್ಮಟ ಕಾಣಾಕತ್ತತೇನು?”

“ಹೂಂ, ಕಾಣಾಕತ್ತತಿ,” ಎಂದೆ. ನನ್ನ ಎರಡೂ ಕಣ್ಣು ತುಂಬಿಕೊಂಡಿದ್ದವು, ಏನೂ ಕಾಣುತ್ತಿರಲಿಲ್ಲ.